ಹೋಟೆಲಿನ ಲೋಟ

ಮೋಹಿನಿ ಮಗಳ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಗಿಂಡಿಯ ಕುತ್ತಿಗೆಗೆ ಸುತ್ತುತ್ತಿದ್ದಳು. ಹೆಬ್ಬೆರಳು ಕೂತರೆ ಕಿರುಬೆರಳು ಜಾರುತ್ತಿತ್ತು. ಹುಟ್ಟುವಾಗಲೇ ಸೋತ ಕೈ. ತೃಪ್ತಿಗೆ ಹನ್ನೊಂದು ತುಂಬಿದರೂ ಮುಷ್ಟಿ ಪೂರ್ತಿ ಬಿಚ್ಚಿರಲಿಲ್ಲ.

ಚಾವಡಿಯಲ್ಲಿ ಬಾಳೆಲೆಯ ಮೇಲೆ ಅಪ್ಪ ಮಲಗಿದ್ದರು. ಮೀಯಿಸಿ ಬಿಳಿ ವಸ್ತ್ರ ಹೊದಿಸಿ ಆಗಿತ್ತು. ಬಂದವರೆಲ್ಲ ಸರದಿಯಲ್ಲಿ ಬಾಯಿಗೆ ತುಳಸಿನೀರು ಬಿಟ್ಟಿದ್ದರು. ಮೋಹಿನಿಯೂ ಬಿಟ್ಟಿದ್ದಳು. ಬೆಳಗಿನಿಂದ ಎಲ್ಲವೂ ಯಾರದೋ ಮನೆಯ ಕೆಲಸದ ಹಾಗೆ ನಡೆಯುತ್ತಿತ್ತು. ಅವಳಿಗೆ ಅಳುವೇ ಬಂದಿರಲಿಲ್ಲ.

“ಎಡಗೈಯಲ್ಲಿ ಬಿಡ್ಲಿಕ್ಕಿಲ್ಲ ಬಾಲೆ,” ಎಂದರು ಅಪ್ಪನ ತಂಗಿ ಲೋಲಾಕ್ಷಿ. “ಮೋಹಿನಿ, ನೀನೇ ಅವಳ ಕೈ ಹಿಡಿದು ಬಿಟ್ಟುಬಿಡು ಮಾರಾಯ್ತಿ. ಗಾಡಿಯವ ಕಾಯ್ತಾ ಇದ್ದಾನೆ.”

ಮೋಹಿನಿ ಗಿಂಡಿ ಎತ್ತಿದಳು. ತೃಪ್ತಿ ಕೈ ಎಳೆದುಕೊಂಡಳು.

“ನನ್ನ ಹತ್ರ ಯಾರೂ ಕೇಳ್ಲೇ ಇಲ್ಲ,” ಎಂದಳು.

*

ಕೇಳುವ ರೂಢಿ ಮೋಹಿನಿಯ ಅಪ್ಪ ಶೇಖರ ಶೆಟ್ಟರಿಗೂ ಮೊದಲು ಇರಲಿಲ್ಲ. ಮಾಣಿ ಎಂಬ ಊರಿನ ರಸ್ತೆ ಕವಲಿನಲ್ಲಿ ಜೀವಮಾನವಿಡೀ ಚಹಾದ ಹೋಟೆಲು ನಡೆಸಿದವರು, ಗಿರಾಕಿ ಬೆಂಚಿನಲ್ಲಿ ಕೂರುವ ಮೊದಲೇ “ಒಂದು ಸ್ಟ್ರಾಂಗ್, ಗೋಳಿಬಜೆ!” ಎಂದು ತಾವೇ ಕೂಗುವವರು. ಬನ್ಸ್ ತಿನ್ನಬೇಕೆಂದು ಬಂದವನೂ ತೆಪ್ಪಗೆ ಗೋಳಿಬಜೆ ತಿಂದು ಹೋಗುತ್ತಿದ್ದ.

ಮೂಡಬಿದಿರೆಯ ಥೆರಪಿ ಕೋಣೆಯಲ್ಲೂ ಹಾಗೆಯೇ ಆಯಿತು. ಥೆರಪಿಸ್ಟ್ ಫಾಹಿಮಾ ತೃಪ್ತಿಯ ಎದುರು ಚಾಪೆಯಲ್ಲಿ ಕೂತು, “ಈ ಕೈಯಲ್ಲಿ ನಿನಗೆ ಏನು ಮಾಡ್ಬೇಕು ಅಂತ ಉಂಟು?” ಎಂದು ಕೇಳಿದಳು.

“ಬರೀಬೇಕು. ಮತ್ತೆ ಬಟನ್ ಹಾಕ್ಬೇಕು,” ಎಂದರು ಶೆಟ್ಟರು.

“ಅಜ್ಜ, ನಾನು ಕೇಳಿದ್ದು ಅವಳ ಹತ್ರ.”

“ಅಜ್ಜನ ಹಾಗೆ ಚಹಾ ಎತ್ತಿ ಹೊಯ್ಯಬೇಕು,” ಎಂದಳು ತೃಪ್ತಿ.

ಮೋಹಿನಿಗೆ ಮೈ ಉರಿಯಿತು. “ಚಹಾ ಹೊಯ್ಯಲಿಕ್ಕಾ ನಾವು ಎರಡು ಬಸ್ಸು ಹಿಡಿದು ಬರುವುದು?”

“ಬರೆಯುವುದು ಎಡಗೈಯಲ್ಲಿ ಆಗ್ತಾ ಉಂಟಲ್ಲ. ಅವಳಿಗೆ ಬೇಕಾದ್ದರಿಂದಲೇ ಶುರು ಮಾಡುವ,” ಎಂದಳು ಫಾಹಿಮಾ.

ಮರುದಿನ ಶೆಟ್ಟರು ಹೋಟೆಲಿನಿಂದ ಎರಡು ಸ್ಟೀಲ್ ಲೋಟ ಮನೆಗೆ ತಂದರು. ಅಂದಿನಿಂದ ಸಂಜೆಯಾದರೆ ಅಂಗಳದಲ್ಲಿ ಅಜ್ಜ ಮೊಮ್ಮಗಳ ಕಾರುಬಾರು. ಅವಳು ಬಲಗೈಯಲ್ಲಿ ಲೋಟ ಎತ್ತಿ ತಣ್ಣೀರು ಹೊಯ್ಯುವುದು, ಅವರು ಕೆಳಗೆ ಇನ್ನೊಂದು ಲೋಟ ಹಿಡಿಯುವುದು. ಅವಳ ಕೈ ಎತ್ತ ವಾಲಿದರೂ ಅಜ್ಜನ ಲೋಟ ಅತ್ತ ಹೋಗುತ್ತಿತ್ತು.

“ಒಂದು ಹನಿ ನೆಲಕ್ಕೆ ಬಿದ್ದಿಲ್ಲ, ನೋಡು!” ಎಂದು ಅವರು ಮೋಹಿನಿಯನ್ನು ಕರೆದು ಕೊಚ್ಚಿಕೊಳ್ಳುವರು.

“ನೀವು ಲೋಟ ಸರಿಸ್ತೀರಲ್ಲ ಅಪ್ಪ. ಅದು ಮೋಸ.”

“ಮೋಸ ಎಂಥದು? ಅವಳು ಹೊಯ್ತಾಳೆ, ನಾನು ಹಿಡೀತೇನೆ.”

ಹೋಟೆಲಿನಲ್ಲೂ ಅವರು “ನಿಮಗೆ ಎಂಥ ಬೇಕು?” ಎಂದು ಕೇಳತೊಡಗಿದರು. ಶೆಟ್ಟರಿಗೆ ಸೌಖ್ಯ ಇಲ್ಲವೇನೋ ಎಂದು ಹಳೆಯ ಗಿರಾಕಿಗಳು ಗಾಬರಿಯಾದರು.

*

ಮೋಹಿನಿ ಗಿಂಡಿಯನ್ನು ಕೆಳಗಿಟ್ಟಳು.

“ನಿನಗೆ ಹೇಗೆ ಬೇಕು, ಹೇಳು.”

“ಗಿಂಡಿ ಬೇಡ. ಹೋಟೆಲಿನ ಲೋಟ. ಮತ್ತೆ ನೀನು ಕೈ ಹಿಡೀಬೇಡ.”

“ಚೆಲ್ಲಿದರೆ?” ಎಂದರು ಲೋಲಾಕ್ಷಿ.

“ಚೆಲ್ಲಲಿ ಅತ್ತೆ,” ಎಂದು ಮೋಹಿನಿ ಒಳಗೆ ಹೋಗಿ ಲೋಟ ತಂದಳು. ಗಿಂಡಿಯ ನೀರನ್ನು ಅದಕ್ಕೆ ಸುರಿದು ತುಳಸಿಯ ದಳ ಹಾಕಿದಳು.

ತೃಪ್ತಿ ಅಜ್ಜನ ತಲೆಯ ಪಕ್ಕ ಮಂಡಿಯೂರಿದಳು. ಎಡಗೈಯಿಂದ ಲೋಟವನ್ನು ಬಲಮುಷ್ಟಿಯೊಳಗೆ ತೂರಿಸಿ, ಹೆಗಲಿನವರೆಗೆ ಎತ್ತಿ ವಾಲಿಸಿದಳು. ನೀರು ಕೆನ್ನೆಯ ಮೇಲೆ ಬಿದ್ದು ಕಿವಿಯತ್ತ ಹರಿಯಿತು. ಅವಳು ಲೋಟವನ್ನು ನೆಟ್ಟಗೆ ಮಾಡಿ, ಅಜ್ಜನ ಮುಖವನ್ನೇ ನೋಡುತ್ತ ಕಾದಳು.

ಬಾಯಿ ನೀರಿನ ಕಡೆಗೆ ಬರಲಿಲ್ಲ. ಅಪ್ಪ ಸತ್ತದ್ದು ಮೋಹಿನಿಗೆ ಆಗ ಗೊತ್ತಾಯಿತು. ಅವಳ ಕೈ ತಾನಾಗಿ ಮಗಳ ಮೊಣಕೈಯತ್ತ ಹೋಯಿತು. ಅದನ್ನು ಹಿಂದಕ್ಕೆ ಎಳೆದು ಸೆರಗಿನೊಳಗೆ ಬಿಗಿಹಿಡಿದಳು.

ಲೋಟದಲ್ಲಿ ಇನ್ನೂ ಅರ್ಧ ನೀರಿತ್ತು. ತೃಪ್ತಿ ಮಂಡಿಯಲ್ಲೇ ತೆವಳಿ, ಅಜ್ಜನ ಬಾಯಿಯ ನೇರಕ್ಕೆ ತಾನೇ ಬಂದು, ಮತ್ತೆ ಕೈ ಎತ್ತಿದಳು.