ಶೂ ಕೋಣೆಯ ಚಹಾ

ಫಿಂಟನ್ ಹ್ಯಾಕೆಟ್ ಯಾರನ್ನಾದರೂ ತಂಡದಿಂದ ಕೈಬಿಡುವ ದಿನ ಅದು ನನಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು. ಪಂದ್ಯಕ್ಕೆ ಎರಡು ಗಂಟೆ ಮುಂಚೆ ಕ್ಲಬ್ಬಿನ ಅಡುಗೆಕೋಣೆಯ ಬಾಗಿಲಲ್ಲಿ ಇಣುಕಿ, ಶೂ ಕೋಣೆಗೆ ಎರಡು ಕಪ್ ಚಹಾ ಎನ್ನುತ್ತಿದ್ದ. ಒಂದು ಅವನದು, ಇನ್ನೊಂದು ಆ ಪಾಪದವನದು. ನಾನು ಟ್ರೇ ಇಟ್ಟು, ಯಾರ ಮುಖವನ್ನೂ ನೋಡದೆ ಹೊರಟುಬರಬೇಕು. ಅವನು ಮ್ಯಾನೇಜರ್ ಆದ ಒಂದೇ ವರ್ಷದಲ್ಲಿ ನಮ್ಮ ಬ್ಯಾಲಿಕೀರನ್ ಫುಟ್‌ಬಾಲ್ ಕ್ಲಬ್ಬಿನ ಆಟಗಾರರು ಚಹಾ ಕಂಡರೆ ಬೆಚ್ಚುವಂತಾಗಿದ್ದರು. ಮೂರು ಹೊತ್ತೂ ಚಹಾ ಕುಡಿಯುವ ಐರ್ಲೆಂಡಿನಲ್ಲಿ ಇದು ಸಣ್ಣ ಸಾಧನೆಯಲ್ಲ.

ಹದಿನಾರಕ್ಕೆ ಇಂಗ್ಲೆಂಡಿಗೆ ಆಡಲು ಹೋಗಿ, ಇಪ್ಪತ್ತೆರಡಕ್ಕೆ ಮುರಿದ ಮೂಗು ಹೊತ್ತು ವಾಪಸು ಬಂದವನು ಅವನು. ಆಮೇಲೆ ಹದಿನಾಲ್ಕು ವರ್ಷ ಐದನೇ ನಂಬರಿನ ಅಂಗಿ ತೊಟ್ಟು ನಮ್ಮ ಗೋಲಿನ ಮುಂದೆ ರಕ್ಷಣೆಗೆ ನಿಂತ. ಹಿಂದಿನ ಮ್ಯಾನೇಜರ್ ಕೈಕೊಟ್ಟು ಹೋದಾಗ, ಬೇರೆ ಯಾರೂ ಒಪ್ಪಲಿಲ್ಲವೆಂದು ಆ ಕೆಲಸವನ್ನೂ ಇವನ ತಲೆಗೇ ಕಟ್ಟಿದರು. ಆಡುತ್ತಲೇ ತಂಡ ನಡೆಸುತ್ತಿದ್ದ.

ನನ್ನ ಗಂಡ ಡರ್ಮಟ್ ಈ ಕ್ಲಬ್ಬಿಗೆ ನಾನೂರ ಹನ್ನೆರಡು ಪಂದ್ಯ ಆಡಿದ್ದ. ಅಷ್ಟು ಯಾರೂ ಆಡಿರಲಿಲ್ಲ. ಅವನು ತೀರಿಕೊಂಡು ಒಂಬತ್ತು ವರ್ಷವಾದರೂ ಸ್ಟ್ಯಾಂಡಿನ ಗೋಡೆಯ ಮೇಲೆ ಅವನ ಹೆಸರು, ಆ ಸಂಖ್ಯೆ ಹಾಗೇ ಇದ್ದವು. ಆ ಅಕ್ಟೋಬರಿನಲ್ಲಿ ಫಿಂಟನ್‌ನದೂ ನಾನೂರ ಹನ್ನೆರಡಾಯಿತು. ಆ ವರ್ಷದ ಲೀಗಿನಲ್ಲಿ ಉಳಿದದ್ದು ಒಂದೇ ಪಂದ್ಯ. ಸೋತರೆ ನಾವು ಕೆಳದರ್ಜೆಯ ಲೀಗಿಗೆ. ಮುಚ್ಚುಮರೆ ಏಕೆ, ಅವನ ಕಾಲಿಗೆ ಏನಾದರೂ ಆಗಲಿ ಎಂದು ಚರ್ಚಿನಲ್ಲಿ ಮಂಡಿಯೂರಿ ಬೇಡಿಕೊಂಡಿದ್ದೆ. ದೊಡ್ಡದೇನಲ್ಲ, ಒಂದು ಉಳುಕು.

ಪಂದ್ಯದ ದಿನ ಅವನು ಬಾಗಿಲಲ್ಲಿ ಇಣುಕಿದ. ಶೂ ಕೋಣೆಗೆ ಚಹಾ ಎಂದ. ಎರಡೇ ತಾನೇ ಎಂದೆ. ಒಂದು ಸಾಕು ಎಂದ.

ಟ್ರೇ ಹಿಡಿದು ಹೋದರೆ ಬೆಂಚಿನ ಮೇಲೆ ಅವನೊಬ್ಬನೇ ಕೂತಿದ್ದ. ನಾನು ಬೆಳಿಗ್ಗೆ ಇಸ್ತ್ರಿ ಮಾಡಿಟ್ಟ ಐದನೇ ನಂಬರಿನ ಅಂಗಿ, ಮಡಿಕೆ ಬಿಚ್ಚದೆ, ಪಕ್ಕದಲ್ಲಿತ್ತು. ನನಗೆ ಮೊದಲು ಆದದ್ದು ಸಂತೋಷವೇ.

"ಅರ್ಧ ಹೆಜ್ಜೆ ತಡ ಆಗ್ತಿದೆ ನೋರೀನ್," ಎಂದ. "ಬೇರೆ ಯಾರೇ ಆಗಿದ್ರೂ ಆಗಸ್ಟ್‌ನಲ್ಲೇ ಹೊರಗೆ ಕೂರಿಸಿಬಿಡ್ತಿದ್ದೆ."

ಆ ಅರ್ಧ ಹೆಜ್ಜೆ ನನಗೆ ಗೊತ್ತು. ಡರ್ಮಟ್‌ನ ಕೊನೆಯ ವರ್ಷ ಅದನ್ನು ಊರೆಲ್ಲ ನೋಡಿತ್ತು. ನಮ್ಮವರೇ ಅವನನ್ನು ಗೇಲಿ ಮಾಡಿ ಕೂಗುತ್ತಿದ್ದರು. ನಾನು ಮನೆಯಲ್ಲಿ ಅವನ ಮಂಡಿಗೆ ಪಟ್ಟಿ ಕಟ್ಟುತ್ತ, ಇವತ್ತು ಚೆನ್ನಾಗಿ ಆಡಿದೆ ಎನ್ನುತ್ತಿದ್ದೆ. ಆ ಪಂದ್ಯಗಳೂ ಗೋಡೆಯ ಸಂಖ್ಯೆಯಲ್ಲಿ ಸೇರಿವೆ.

"ಕೊನೆ ಐದು ನಿಮಿಷ ಇಳಿಯೋ," ಎಂದೆ. "ಅದೂ ಒಂದು ಪಂದ್ಯ ಅಂತಲೇ ಆಗುತ್ತೆ." ನನ್ನ ಬಾಯಿಂದ ಈ ಮಾತು ಬಂತೆಂದು ನನಗೇ ನಂಬಿಕೆಯಾಗಲಿಲ್ಲ.

"ಆ ಐದು ನಿಮಿಷದಲ್ಲೇ ಗೋಲಾದ್ರೆ?" ಎಂದ. ಕಪ್ಪನ್ನು ಕೈಗೆತ್ತಿಕೊಂಡು ಕೇಳಿದ, "ಇನ್ನು ಸಾಕು ಅಂತ ಡರ್ಮಟ್‌ಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ."

ಪಂದ್ಯ ಸೊನ್ನೆ-ಸೊನ್ನೆಯಾಗಿ ನಾವು ಉಳಿದುಕೊಂಡದ್ದು ಆಮೇಲಿನ ಮಾತು. ಆಗ ನಾನು ಮಾಡಿದ್ದು ಇಷ್ಟೇ: ಅಡುಗೆಕೋಣೆಗೆ ಹೋಗಿ ಇನ್ನೊಂದು ಕಪ್ ತಂದು, ಅಂಗಿಯನ್ನು ಮಡಿಲಿಗೆ ಎತ್ತಿಟ್ಟುಕೊಂಡು, ಅವನ ಚಹಾ ಮುಗಿಯುವವರೆಗೆ ಅಲ್ಲೇ ಕೂತೆ.