ಸೋಮವಾರದ ನಾಲ್ಕನೇ ಮನೆ

ಹಣೆ ಬೆಚ್ಚಗಿದೆ, ಹೌದು, ಬೆಚ್ಚಗೇ ಇದೆ, ಅಂಗೈ ಕೆಳಗೆ ಒಂದು ನರ ಸಣ್ಣಗೆ ಮಿಡಿಯುತ್ತಿದೆ, ಇಷ್ಟು ಹೊತ್ತಿಗೆ ನನಗೆ ಗೊತ್ತಾಗಬೇಕಿತ್ತು, ಸತ್ತವರ ಹಣೆ ಹೀಗಿರುವುದಿಲ್ಲ, ಬೆಳಿಗ್ಗೆ ಮುಟ್ಟಿದ ಹಣೆ ಸಿಮೆಂಟು ಮೆಟ್ಟಿಲಿನಷ್ಟು ತಣ್ಣಗಿತ್ತು — ಎರಡನ್ನೂ ಮುಟ್ಟಿದ್ದು ಇದೇ ಕೈ, ಆದರೂ ಬಾಯಿಗೆ ತಿಳಿಯಲಿಲ್ಲ, ಬಾಯಿ ತನ್ನ ಪಾಡಿಗೆ ತಾನು ಓಡಿತು, ಅಗಲಿದ ನಮ್ಮ ಸಹೋದರನನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ ಕರ್ತನೇ, ವಿಧವೆಯಾದ ಇವರ ಪತ್ನಿಯನ್ನು ಸಂತೈಸು, ಮಂಚದ ಕಾಲ್ದೆಸೆಯಲ್ಲಿ ಕಣ್ಣು ಮುಚ್ಚಿ ನಿಂತಿದ್ದ ಅಜ್ಜಿ, ಐವತ್ತು ವರ್ಷದ ರೂಢಿ ನೋಡಿ, ಆಮೆನ್ ಎಂದೇಬಿಟ್ಟರು. ಆಗ ತೆರೆಯಿತು ಟೈಲರ್ ಅಜ್ಜನ ಕಣ್ಣು, ಎರಡಲ್ಲ, ಒಂದೇ, ಬಲಗಣ್ಣು, ಸೂಜಿಗೆ ದಾರ ಪೋಣಿಸುವಾಗ ಎಡಗಣ್ಣು ಮುಚ್ಚಿ ತೆರೆದಿಟ್ಟುಕೊಳ್ಳುತ್ತಿದ್ದರಲ್ಲ, ಅದೇ ಕಣ್ಣು. ಪಾಸ್ಟರೇ, ಸ್ವಲ್ಪ ತಡೀರಿ, ನಾನಿನ್ನೂ ಹೊರಟಿಲ್ಲ.

ನಗಬೇಕಿತ್ತು, ಅಜ್ಜಿ ನಕ್ಕರು, ಅಯ್ಯೋ ನಾನೂ ಹೂಂ ಅಂದ್ಬಿಟ್ನಲ್ಲ ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು ನಕ್ಕು, ಬಿಸಿನೀರು ತರ್ತೀನಿ ಎಂದು ಒಳಗೆ ಹೋದರು, ನನಗೆ ಮಾತ್ರ ನಾಚಿಕೆ, ನಾಚಿಕೆಗಿಂತ ಹೆಚ್ಚು ಭಯ — ಈ ಮನೆಗೆ ಬಂದದ್ದು ಯಾರು, ನಾನೋ ನನ್ನ ನಿಲುವಂಗಿಯೋ? ಬೆಳಿಗ್ಗೆ ಶವಸಂಸ್ಕಾರ, ಆಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರ ಮನೆ, ಆಮೇಲೆ ಮಗು ಕಳಕೊಂಡ ತಾಯಿ, ಇದು ನಾಲ್ಕನೆಯದು, ಹಾಸಿಗೆ ಹಿಡಿದ ಅಜ್ಜನಿಗೊಂದು ಪ್ರಾರ್ಥನೆ, ಸೋಮವಾರ ಬೇರೆ, ಭಾನುವಾರ ದುಡಿದ ಪಾಸ್ಟರಿಗೆ ಉಸಿರು ಬಿಡುವ ದಿನ ಎಂದು ಸಭೆಯ ಹಿರಿಯರೇ ಗೊತ್ತು ಮಾಡಿಕೊಟ್ಟ ದಿನ, ಮಧ್ಯಾಹ್ನ ಮೂವರೂ ಒಟ್ಟಿಗೆ ಉಣ್ಣೋಣ ಎಂದು ಹೆಂಡತಿಗೆ ಮಾತು ಕೊಟ್ಟವನು ನಾನೇ, ಎಷ್ಟು ಸೋಮವಾರ ಆ ಮಾತು ಉಳಿಯಿತು, ಬೆರಳು ಮಡಚುವುದೂ ಬೇಡ. ಇವತ್ತು ಬಾಗಿಲಲ್ಲಿ ಶೂ ಹಾಕಿಕೊಳ್ಳುವಾಗ ಮಗಳು, ಅಪ್ಪಾ, ಪ್ರಾರ್ಥನೆಗೆ ನಮ್ಮನೆಗೆ ಯಾವಾಗ ಬರ್ತೀಯ, ಡೈರೀಲಿ ನಮ್ಮ ಹೆಸರೂ ಬರ್ಕೋ, ಒಳಗಿನಿಂದ ಅವಳಮ್ಮ, ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ದೊಡ್ಡೋರು ಸುಮ್ನೆ ಹೇಳಿದ್ರಾ, ನಾನು ದೇವರ ಕೆಲಸ ಕಣೇ ಎಂದೆ, ಹಾಗೆಂದರೆ ಎದುರುತ್ತರ ಬರುವುದಿಲ್ಲ, ಅದಕ್ಕೇ ಹಾಗನ್ನುವುದು. ದೇವರ ಕೆಲಸವೇ ಇದು? ಹದಿನಾರು ವರ್ಷದ ಹಿಂದೆ ಆಗಿತ್ತು, ಮೊದಲ ಮನೆಯಲ್ಲಿ ಅಳುವವರ ಜೊತೆ ನಾನೇ ಹೆಚ್ಚು ಅತ್ತಿದ್ದೆ, ಹಿಂದಿರುಗುವಾಗ ದಾರಿಯುದ್ದಕ್ಕೂ ಹಾಡಿಕೊಂಡು ಬಂದಿದ್ದೆ, ಎದೆ ತುಂಬಿ ತುಳುಕುತ್ತಿತ್ತು, ಆಗ ಕಣ್ಣು ಮುಚ್ಚಿದರೆ ಎದುರಿದ್ದವರ ಮುಖ ಕಾಣುತ್ತಿತ್ತು, ಈಗ ಮುಂದಿನ ಮನೆಯ ಬಾಗಿಲು ಕಾಣುತ್ತದೆ. ನಿಲ್ಲಬಹುದಿತ್ತು, ಯಾರೂ ನನ್ನನ್ನು ಅಟ್ಟಿಸಿಕೊಂಡು ಬಂದಿರಲಿಲ್ಲ, ಆದರೆ ಯಾರೂ ಬನ್ನಿ ಎನ್ನದ ದಿನ ನಾನು ಯಾರು — ಇದನ್ನು ಇಷ್ಟು ಸ್ಪಷ್ಟವಾಗಿ ನನಗೆ ನಾನೇ ಎಂದೂ ಹೇಳಿಕೊಂಡಿರಲಿಲ್ಲ, ಆ ಒಂದು ಕಣ್ಣು ತೆರೆಯದಿದ್ದರೆ ಇವತ್ತೂ ಹೇಳಿಕೊಳ್ಳುತ್ತಿರಲಿಲ್ಲ.

ಕೂತ್ಕೊಳ್ಳಿ ಪಾಸ್ಟರೇ, ಸ್ಟೂಲು ಎಳ್ಕೊಳ್ಳಿ, ಕೂತೆ, ಅಜ್ಜ ಕೈ ಚಾಚಿ ನನ್ನ ಭುಜದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಾರೆ, ಇದು ನಾನು ಹೊಲಿದಿದ್ದಲ್ವಾ, ಪಾಸ್ಟರುಗಳು ದಪ್ಪ ಆಗ್ತಾರೆ ಅಂತ ಪಕ್ಕದಲ್ಲಿ ಎರಡಿಂಚು ಬಟ್ಟೆ ಒಳಗೆ ಬಿಟ್ಟಿದ್ದೆ, ನೀವು ನೋಡಿದ್ರೆ ಉಲ್ಟಾ, ಅಂಗಿಗೇ ಆಳು ಸಾಲ್ತಿಲ್ಲ. ಕ್ಷಮಿಸಿ ಅಜ್ಜ ಎನ್ನುವಷ್ಟರಲ್ಲಿ ಜೇಬಲ್ಲಿ ಫೋನು ಗುಂಯ್‌ಗುಡುತ್ತದೆ, ಐದನೇ ಮನೆ, ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಒಂದೇ ನಿಮಿಷ ಅಜ್ಜ ಎನ್ನುತ್ತೇನೆ, ಬಿಡಿ ಅದನ್ನ ಎನ್ನುತ್ತಾರೆ ಅಜ್ಜ, ದೇವರೇ ಆರು ದಿನ ದುಡಿದು ಏಳನೇ ದಿನ ಸುಧಾರಿಸ್ಕೊಂಡ, ನಿಮಗೆ ಅವನಿಗಿಂತ ಜಾಸ್ತಿ ಕೆಲಸವಾ? ಹೆರಿಗೆಯಲ್ಲ, ಸಾವಲ್ಲ, ಹೊಸ ಮನೆ ನೋಡಲು ಬನ್ನಿ ಎಂದು ಕರೆದವರು, ನಾಳೆಯೂ ಆ ಮನೆ ಅಲ್ಲೇ ಇರುತ್ತದೆ — ಗುಂಡಿ ಒತ್ತಿ ಹಿಡಿದೆ, ಪರದೆ ಕಪ್ಪಾಯಿತು, ಆಕಾಶವೇನೂ ಕಳಚಿ ಬೀಳಲಿಲ್ಲ. ಬಗ್ಗಿ, ಈಗ ನಾನು ಪ್ರಾರ್ಥನೆ ಮಾಡ್ತೀನಿ ಎನ್ನುತ್ತಾರೆ ಅಜ್ಜ, ಬಗ್ಗಿದೆ, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು ನನ್ನ ನೆತ್ತಿಯ ಮೇಲೆ, ನನ್ನ ತಲೆ ಮೇಲೆ ಯಾರಾದರೂ ಕೈಯಿಟ್ಟು ಎಷ್ಟು ಕಾಲವಾಯಿತು, ಅಜ್ಜ ಶುರುಮಾಡುತ್ತಾರೆ, ಸ್ವಾಮೀ, ನಾನು ಹೇಗೂ ನಿನ್ನ ಹತ್ರಾನೇ ಬರೋನು, ಅವಸರ ಇಲ್ಲ, ಮೊದಲು ಈ ಹುಡುಗನ್ನ ಅವನ ಮನೆಗೆ ಕಳಿಸು. ನಲವತ್ತೈದು ವರ್ಷದ ಹುಡುಗ, ಆಮೆನ್ ಎನ್ನಬೇಕು, ಅಳು ಬರುತ್ತಿದೆ, ಬರಲಿ, ಎಷ್ಟೋ ದಿನದ ಮೇಲೆ ನನ್ನದೇ ಅಳು, ಇನ್ನೂ ಎರಡು ಗಂಟೆಯಾಗಿಲ್ಲ, ಈಗ ಹೊರಟರೆ ಊಟಕ್ಕೆ ಮುಟ್ಟುತ್ತೇನೆ, ಮಗಳು ಬಾಗಿಲು ತೆಗೆದು ಯಾರು ಬೇಕು ಎಂದು ರೇಗಿಸಲಿ, ಏಳಬೇಕು, ಏಳುತ್ತೇನೆ, ಪ್ರಾರ್ಥನೆಯ ನಡುವೆ ಎಂದೂ ಕಣ್ಣು ಬಿಡದವನು ಬಿಟ್ಟೆ — ಅಜ್ಜನ ಬಲಗಣ್ಣು ತೆರೆದೇ ಇದೆ, ಇಷ್ಟು ಹೊತ್ತೂ ತೆರೆದೇ ಇತ್ತು, ಹದಿನಾರು ವರ್ಷ ನಾನು ಕಣ್ಣು ಮುಚ್ಚಿ ಮಾತಾಡಿದಾಗಲೆಲ್ಲ ಹೀಗೇ ಒಂದು ಕಣ್ಣು ನನ್ನ ಮೇಲಿತ್ತೇನೋ — ಬೈಯುತ್ತಿಲ್ಲ ಅದು, ನನ್ನ ಭುಜ ನೋಡುತ್ತಿದೆ, ಎಷ್ಟು ಇಳಿದಿದ್ದೇನೆ ಎಂದು ಅಳೆಯುತ್ತಿದೆ — ಆ ಕಣ್ಣು — ತೆರೆದ ಆ ಒಂದೇ ಕಣ್ಣು