ನೊಜಾಕಿ ಮನೆಯ ಮಾದರಿ ಚೀಲ

ಮಂಗಳವಾರ ಪ್ಲಾಸ್ಟಿಕ್ ಕಸ ಹಾಕುವ ದಿನ. ಅಂದು ಲಾರಿ ಬರುವುದಕ್ಕೆ ಮೊದಲೇ ಕಿನುಯೊ ಬೀದಿಯ ಕೊನೆಯ ಕಸದ ಕಟ್ಟೆಯ ಬಳಿ ಹಾಜರಿರುತ್ತಿದ್ದಳು. ನೀಗಾತ ಊರಿನ ಕಡಲಂಚಿನ ಆ ಬೀದಿಯಲ್ಲಿ ಕಸದ ಉಸ್ತುವಾರಿ ಮನೆಮನೆಗೂ ಸರದಿಯಂತೆ ಬರುವ ಕೆಲಸ. ಆದರೆ ಕಿನುಯೊಳ ಸರದಿ ಒಮ್ಮೆ ಬಂದದ್ದು ಮತ್ತೆ ಹೋಗಲೇ ಇಲ್ಲ. ಬಿಟ್ಟುಕೊಡು ಎಂದು ಕೇಳುವ ಎದೆಗಾರಿಕೆ ಯಾರಿಗಿತ್ತು? ಚೀಲಗಳೋ ಪಾರದರ್ಶಕ, ಮೇಲೆ ಮನೆಯ ಹೆಸರು ಬೇರೆ. ಕಾಗೆ ಕಾಟಕ್ಕೆಂದು ಹೊದಿಸಿದ ಬಲೆ ಎತ್ತಿ ಒಂದೊಂದನ್ನೇ ಬೆಳಕಿಗೆ ಹಿಡಿದರೆ, ಯಾರು ತೋಫು ಡಬ್ಬಿ ತೊಳೆದಿಲ್ಲ, ಯಾರು ಲೇಬಲ್ ಕಿತ್ತಿಲ್ಲ, ಎಲ್ಲ ಬಯಲು. ತಪ್ಪಿದ ಚೀಲಕ್ಕೆ ಕೆಂಪು ಚೀಟಿ ಅಂಟಿಸಿ ಅವರವರ ಬಾಗಿಲಿಗೇ ಒಯ್ದು ಇಟ್ಟುಬಿಡುತ್ತಿದ್ದಳು.

ಹೆಚ್ಚು ಕೆಂಪು ಚೀಟಿ ಬೀಳುತ್ತಿದ್ದುದು ಪಕ್ಕದ ಮನೆಯ ನೊಜಾಕಿಗೆ. ಒಂಟಿ ಹೆಂಗಸು, ಮನೆಯ ಮುಂಗೋಣೆಯಲ್ಲೇ ಕೂದಲು ಕತ್ತರಿಸುವ ಅಂಗಡಿ.

"ಕಿನುಯೊ ಅಕ್ಕ, ಸೋಯಾ ಸಾಸಿನ ಚೋಟುದ್ದದ ಪೊಟ್ಟಣಾನೂ ತೊಳೀಬೇಕಾ? ಮತ್ತೆ ನಾನು ಮುಖ ತೊಳಿಯೋದು ಯಾವಾಗ?"

"ಮೊದಲು ಪೊಟ್ಟಣ ತೊಳಿ. ನಿನ್ನ ಮುಖ ಲಾರಿಯವರು ನೋಡಲ್ಲ."

ಅಂಥ ನೊಜಾಕಿಯ ಚೀಲ ಆ ವಸಂತದಲ್ಲಿ ಇದ್ದಕ್ಕಿದ್ದಂತೆ ಬದಲಾಯಿತು. ಅಂಗಡಿಯ ಸಿಹಿ ಕಸ್ಟರ್ಡ್ ತಿಂದು ಮುಗಿಸಿದ ಪ್ಲಾಸ್ಟಿಕ್ ಬಟ್ಟಲುಗಳು ಥಳಥಳ ಹೊಳೆಯುತ್ತಿದ್ದವು. ಲೇಬಲ್ಲುಗಳನ್ನು ನೀರಲ್ಲಿ ನೆನೆಸಿ, ಅಂಟಿನ ಗುರುತೂ ಉಳಿಯದಂತೆ ಬಿಡಿಸಿ, ಬಟ್ಟಲುಗಳನ್ನು ಒಂದರೊಳಗೊಂದು ಕೂರಿಸಲಾಗಿತ್ತು. ಕಿನುಯೊಳ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಬಾಯಿ ನೋಯಿಸಿಕೊಂಡಿದ್ದು ದಂಡವಾಗಲಿಲ್ಲವಲ್ಲ! ಚೀಲವನ್ನು ಎತ್ತಿ ಹಿಡಿದು ನೆರೆದ ಹೆಂಗಸರಿಗೆ, "ನೋಡ್ರಮ್ಮ, ತೊಳೆಯೋದು ಅಂದ್ರೆ ಇದು" ಎಂದಳು. ನೊಜಾಕಿ ತನ್ನ ಚಪ್ಪಲಿ ನೋಡುತ್ತ ನಿಂತಳು. ಅಂದಿನಿಂದ ಪ್ರತಿ ಮಂಗಳವಾರ ಆ ಚೀಲಕ್ಕೆ ಮೆರವಣಿಗೆಯೊಂದೇ ಬಾಕಿ.

ಹೊರಗೆ ಇಷ್ಟೆಲ್ಲ ಗೆದ್ದರೂ ಮನೆಯೊಳಗೆ ಒಂದು ಅಳುಕು ಕಿನುಯೊಳನ್ನು ತಿನ್ನುತ್ತಿತ್ತು. ಗಂಡ ಹಿಸಾವೊನ ಸಕ್ಕರೆ ಕಾಯಿಲೆ. ಅದೇ ಕಾಯಿಲೆಯಲ್ಲಿ ಅವನ ಅಣ್ಣ ಎರಡೂ ಕಣ್ಣು ಕಳೆದುಕೊಂಡು ಕೂತಿದ್ದ. ಹಿಸಾವೊನ ಕಣ್ಣಲ್ಲೂ ಶುರುವಾಗಿದೆ, ಸಕ್ಕರೆ ಇಳಿಯದಿದ್ದರೆ ನನ್ನ ಕೈಲಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕಿನುಯೊ ಅನ್ನಕ್ಕೆ ಬಾರ್ಲಿ ಬೆರೆಸಿದಳು, ಸಕ್ಕರೆ ಡಬ್ಬಿಯನ್ನೇ ಮನೆಯಿಂದ ಹೊರಹಾಕಿದಳು, ಮಧ್ಯಾಹ್ನ ತಪ್ಪದೆ ನಡೆದು ಬನ್ನಿ ಎಂದು ಅಟ್ಟಿದಳು. ಅವನೂ ತಪ್ಪದೆ ಹೋಗುತ್ತಿದ್ದ. ಆದರೂ ಸಕ್ಕರೆ ಏರುತ್ತಲೇ ಹೋಯಿತು.

"ನಂಗೆ ಗಾಳಿ ಕುಡಿದ್ರೂ ಏರುತ್ತೆ ಕಣೆ" ಎನ್ನುತ್ತಿದ್ದ ಹಿಸಾವೊ.

ಆಯುಷ್ಯವೆಲ್ಲ ಸ್ಕ್ವಿಡ್ ಮೀನು ಹಿಡಿಯುವ ದೋಣಿಯಲ್ಲಿ ಕಳೆದವನು. ಮನೆಯಲ್ಲಿ ಕಸದ ಬುಟ್ಟಿ ಮುಟ್ಟುವ ಅಧಿಕಾರ ಅವನಿಗಿರಲಿಲ್ಲ. ಒಮ್ಮೊಮ್ಮೆ ಒಂದು ಡಬ್ಬಿ ತೊಳೆದಿಟ್ಟರೆ, ಕಿನುಯೊ ಅದನ್ನೇ ಎತ್ತಿ ಇನ್ನೊಮ್ಮೆ ತೊಳೆಯುತ್ತಿದ್ದಳು.

ಮಳೆಗಾಲದ ಒಂದು ಮಂಗಳವಾರ ನೊಜಾಕಿಯ ಚೀಲ ಎಂದಿಗಿಂತ ಉಬ್ಬಿತ್ತು. ಒಂದು ಬಟ್ಟಲು ಹೊರತೆಗೆದು ಎಲ್ಲರಿಗೂ ತೋರಿಸೋಣವೆಂದು ಕಿನುಯೊ ಗಂಟಿಗೆ ಕೈ ಹಾಕಿದಳು. ಗಂಟು ಜಗ್ಗಲಿಲ್ಲ. ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿದ ದೋಣಿಯವರ ಗಂಟು ಅದು. ಮದುವೆಯಾದಾಗಿನಿಂದ ಗಂಡ ಕಟ್ಟಿದ ಹಳೇ ಪೇಪರಿನ ಕಟ್ಟು, ಊಟದ ಗಂಟು ಎಲ್ಲದರ ಮೇಲೂ ಅದನ್ನೇ ಬಿಡಿಸುತ್ತ ಬಂದ ಬೆರಳು ಅವಳದು.

ನೊಜಾಕಿಯ ಮುಖದಲ್ಲಿ ರಕ್ತವಿರಲಿಲ್ಲ. ಅವಳು ಕಿನುಯೊಳನ್ನು ಬದಿಗೆ ಎಳೆದು ಪಿಸುಗುಟ್ಟಿದಳು. "ಬೈಬೇಡಿ ಅಕ್ಕ. ಭಾವ ದಿನಾ ಮಧ್ಯಾಹ್ನ ಬರ್ತಾರೆ, ಕೂತು ಕಸ್ಟರ್ಡ್ ತಿಂತಾರೆ. ಅದಕ್ಕೆ ಬದಲಾಗಿ ನಂದೆಲ್ಲ ತೊಳೆದು ಕಟ್ಟಿ ಕೊಡ್ತಾರೆ. ಕಾಯಿಲೆ ವಿಷಯ ನಿನ್ನೆವರೆಗೂ ನಂಗೆ ಗೊತ್ತಿರಲಿಲ್ಲ, ನನ್ನಾಣೆ."

ಕಿನುಯೊ ಕೆಂಪು ಚೀಟಿ ಹೊರತೆಗೆದಳು. ತೊಳೆದಿಲ್ಲ, ಬೇರೆ ಕಸ ಬೆರೆತಿದೆ, ದಿನ ತಪ್ಪಿದೆ ಎಂದು ಅದರಲ್ಲಿ ಅಚ್ಚು ಹಾಕಿದ ಕಾರಣಗಳಲ್ಲಿ ಒಂದೂ ಹೊಂದಲಿಲ್ಲ. ಯಾವುದಕ್ಕೂ ಗುರುತು ಹಾಕದೆ ಚೀಟಿ ಅಂಟಿಸಿ, ಚೀಲವನ್ನು ತನ್ನ ಮನೆಯ ಬಾಗಿಲಿಗೇ ತಂದು ಕುಕ್ಕಿದಳು.

ಹೊರಬಂದ ಹಿಸಾವೊ ಕೆಂಪು ಚೀಟಿ ನೋಡಿ ಹುಬ್ಬು ಗಂಟಿಕ್ಕಿದ. "ಇದಕ್ಕ್ಯಾಕೆ? ಅಂಟು ಸಮೇತ ತೆಗ್ದಿದ್ದೆನಲ್ಲ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಕಣ್ಣು ಹೋದ್ರೆ ಏನ್ರೀ ಮಾಡ್ತೀರಿ?" ಕಿನುಯೊ ಕೇಳಿದಳು. "ನಿಮ್ಮಣ್ಣನ್ನ ನೋಡಿದೀರಲ್ಲ. ದಿನಾ ತಿನ್ನೋ ಅಂಥದ್ದೇನಿತ್ತು ಅದರಲ್ಲಿ?"

ಹಿಸಾವೊ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ.

"ಮೊದಮೊದಲು ಅಪರೂಪಕ್ಕೆ ತಿಂತಿದ್ದೆ. ಆಮೇಲೆ, ನಾನು ತೊಳೆದಿದ್ದನ್ನ ನೀನು ಎಲ್ಲರೆದುರು ಎತ್ತಿ ಹಿಡಿದು ಹೊಗಳ್ತೀಯ ಅಂತ ನೊಜಾಕಿ ಹೇಳಿದ್ಲು. ಮಂಗಳವಾರ ಚೀಲ ಖಾಲಿ ಖಾಲಿ ಕಾಣಬಾರದು ಅಂತ ದಿನಾ ತಿಂದೆ..."

ಕಿನುಯೊ ಹೊಸ್ತಿಲ ಮೇಲೆ ಕೂತಳು. ಎಷ್ಟು ಮಂಗಳವಾರ ಹೊಗಳಿದ್ದಳೋ ಅಷ್ಟು ವಾರ ತಾನೇ ಅವನ ಬಾಯಿಗೆ ಸಕ್ಕರೆ ಹಾಕಿದ್ದಳು.

ಆಮೇಲೆ ಎದ್ದು ಒಳಗಿನಿಂದ ಬೆಳಗಿನ ತೋಫು ಡಬ್ಬಿ ತಂದು ಅವನ ಕೈಗಿಟ್ಟಳು. "ಇನ್ನು ಮೇಲೆ ನಮ್ಮನೇದು ತೊಳೀರಿ. ಆ ಮನೆ ಮೆಟ್ಟಿಲು ಹತ್ತಬೇಡಿ."

ಅವನು ನಲ್ಲಿಯ ಕೆಳಗೆ ಮೂಲೆಮೂಲೆಗೂ ಬೆರಳಾಡಿಸಿ ತೊಳೆದು, ಬೋರಲು ಹಾಕಿದ. ಕಿನುಯೊಳ ಕೈ ಅಭ್ಯಾಸದಂತೆ ಡಬ್ಬಿಯತ್ತ ಹೋಯಿತು. ಅರ್ಧಕ್ಕೇ ಕೈಯನ್ನು ಹಿಂದಕ್ಕೆಳೆದುಕೊಂಡು ಏಪ್ರನ್ನಿನ ಜೇಬಿಗೆ ತುರುಕಿದಳು.

"ಚೆನ್ನಾಗಿ ತೊಳೆದಿದೀರಿ" ಎಂದಳು.